ಸೋಮನಾಥಪುರದ ಪ್ರದಕ್ಷಿಣೆ

ದಂಡನಾಯಕ ಸೋಮನಾಥನು 1258ರಲ್ಲಿ ಕಟ್ಟಿಸಿದ ಕೇಶವ ದೇವಾಲಯದ ಜಗತಿಯನ್ನೇರಿ ಪ್ರದಕ್ಷಿಣೆಗೆ ಹೊರಟವರಿಗೆ ಮೊದಲು ಕಾಣುವುದು ಆನೆಗಳ ಸಾಲು; ಅದರ ಮೇಲೆ ಕುದುರೆ, ಬಳ್ಳಿ; ಬಳಿಕ ಪುರಾಣಕಥೆಗಳ ಪಟ್ಟಿಕೆ. ಉತ್ತರದ ಗೋಡೆಗೆ ಬಂದಾಗ ಕಥೆ ಮಹಾಭಾರತದ್ದು. ಕೆಳಗಿನ ಆನೆಕುದುರೆಗಳು ಧರ್ಮರಾಯನು ಜೂಜಿಗೊಡ್ಡಿದ ಪಣವನ್ನೇ ನೆನಪಿಸುತ್ತವೆ.

ದಾಳ ಕೈವಶವಾಗಿದ್ದರೂ ಶಕುನಿಯು ಎಲ್ಲವನ್ನೂ ಒಮ್ಮೆಗೇ ಕೇಳಲಿಲ್ಲ. ಆಟ ಮೊದಲಾದದ್ದು ಒಂದು ಮಣಿಹಾರದಿಂದ. ಸೋತವನೇ ರಥ, ಆನೆ, ಕುದುರೆಗಳನ್ನು ಒಡ್ಡುತ್ತ ಹೋದನು, ‘ಇನ್ನೇನು ಉಳಿದಿದೆ?’ ಎಂದು ಕೇಳಿದರೆ ಸಾಕಾಯಿತು. ತಮ್ಮಂದಿರು ಹೋದರು, ತಾನೂ ಹೋದನು, ಕಡೆಗೆ ದ್ರೌಪದಿ. ಪಣಕ್ಕೆ ಮಿತಿಯಿಲ್ಲದ ಇಂದಿನ ಪೋಕರ್ ಇಸ್ಪೀಟಿನಲ್ಲೂ ಒಳ್ಳೆಯ ಎಲೆ ಹಿಡಿದವನ ಲೆಕ್ಕ ಇದೇ: ಎದುರಾಳಿ ಎದ್ದುಹೋಗದಷ್ಟು, ಆದರೆ ಸುತ್ತುಸುತ್ತಿಗೂ ಬೆಳೆಯುವಷ್ಟು ಪಣ.

ಪ್ರದಕ್ಷಿಣೆ ಮುಗಿಸಿದವರು ಹೊರಟ ಬಾಗಿಲಿಗೇ ಮರಳುತ್ತಾರೆ. ಜೂಜಿಗೆ ಕುಳಿತವರಿಗೆ ಆ ಭಾಗ್ಯವಿಲ್ಲ.