ಯಾರಿಗೆ ಏನು ಬೇಕಾಗಿತ್ತು?

ಚಿಂಚೋಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಕನ್ನಡ ಮೇಷ್ಟ್ರು. ಒಮ್ಮೆ ಆರನೆಯ ತರಗತಿಯ ಮಕ್ಕಳಿಗೆ ‘ಒಂದು ಕಥೆ ಬರೆದು ತನ್ನಿ’ ಎಂದೆ. ಬಂದವು ಕಥೆಗಳಲ್ಲ, ‘ಆಮೇಲೆ’ ಎಂಬ ದಾರಕ್ಕೆ ಪೋಣಿಸಿದ ಸಂಗತಿಗಳು. ಒಬ್ಬ ಹುಡುಗ ಬರೆದಿದ್ದ: ಅಪ್ಪ ಮುಂಬೈಗೆ ಹೋದ. ಆಮೇಲೆ ಅವ್ವ ರೊಟ್ಟಿ ಬಡಿದಳು. ಆಮೇಲೆ ಎಳ್ಳಮಾವಾಸ್ಯೆ ಬಂತು. ಆಮೇಲೆ ಹೊಲಕ್ಕೆ ಹೋದೆವು.

‘ಕಥೆಗೆ ಆದಿ, ಮಧ್ಯ, ಅಂತ್ಯ ಇರಬೇಕು’ ಎಂದು ಹಲಗೆಯ ಮೇಲೆ ಬರೆದೆ. ಮಕ್ಕಳು ಅದನ್ನು ಭಕ್ತಿಯಿಂದ ನಕಲು ಮಾಡಿಕೊಂಡರು. ಮರುದಿನ ಮತ್ತೆ ಅದೇ ‘ಆಮೇಲೆ’!

ಆಗ ನೆನಪಾದದ್ದು ನಮ್ಮ ಹಳೆಯ ನಾಟ್ಯಶಾಸ್ತ್ರಕಾರರು ಹೇಳಿದ ಐದು ಅವಸ್ಥೆಗಳು: ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ. ಅವರ ಲೆಕ್ಕ ಘಟನೆಗಳದ್ದಲ್ಲ, ಒಬ್ಬನ ಆಸೆಯದ್ದು. ಆಸೆ ಹುಟ್ಟುತ್ತದೆ, ಅದಕ್ಕಾಗಿ ಹೆಣಗುತ್ತಾನೆ, ಸಿಕ್ಕೀತೋ ಇಲ್ಲವೋ ಎಂದು ಡೋಲಾಯಮಾನನಾಗುತ್ತಾನೆ, ಅಡ್ಡಿ ಸರಿಯುತ್ತದೆ, ಕೊನೆಗೆ ಕೈಗೂಡುತ್ತದೆ.

ಈ ಹೆಸರುಗಳನ್ನು ಹೇಳಿದ್ದರೆ ಮಕ್ಕಳು ಶಾಲೆಯನ್ನೇ ಬಿಟ್ಟಾರು! ಅದಕ್ಕೆ ಅವರು ಬಲ್ಲ ಐದು ಊರುಗಳನ್ನು ಬರೆದೆ. ಸೊಲ್ಲಾಪುರದ ಕಡೆಯಿಂದ ಬರುವವನಿಗೆ ಶಹಾಬಾದಿನ ಫರಸಿ ಕಲ್ಲು ಕಂಡರೆ ಮನೆಯ ಆಸೆ ಚಿಗುರುತ್ತದೆ. ವಾಡಿಯಲ್ಲಿ ಹಳಿ ಕವಲೊಡೆಯುತ್ತದೆ, ಒಂದು ರಾಯಚೂರಿನತ್ತ, ಇನ್ನೊಂದು ಹೈದರಾಬಾದಿನತ್ತ. ಇಳಿದು ಸರಿಯಾದ ಗಾಡಿ ಹುಡುಕಬೇಕು. ಚಿತ್ತಾಪುರದಲ್ಲಿ ಗಾಡಿ ನಿಂತುಬಿಟ್ಟರೆ? ಸೇಡಂನಲ್ಲಿ ಬಸ್ಸು ಸಿಕ್ಕಿತೆಂದರೆ ನಿಟ್ಟುಸಿರು, ಏಕೆಂದರೆ ಚಿಂಚೋಳಿಗೆ ರೈಲಿಲ್ಲ. ಕೊನೆಗೆ ಚಿಂಚೋಳಿ.

‘ಈಗ ಹೇಳಿರಿ, ಗಾಡಿಯೊಳಗೆ ಯಾರಿದ್ದಾರೆ? ಅವರಿಗೆ ಏನು ಬೇಕಾಗಿದೆ?’

ಆ ಹುಡುಗ ಎದ್ದು ನಿಂತ. ‘ನಮ್ಮಪ್ಪ ಕೂತಾನ್ರಿ. ಎಳ್ಳಮಾಸಿಗಿ ಮನಿಗಿ ಬರಬೇಕಾಗ್ಯಾದ್ರಿ.’

ಮರುದಿನ ಎರಡು ಹಾಳೆ ತಂದ. ಅವನ ಕಥೆಯಲ್ಲಿ ಅಪ್ಪನಿಗೆ ಸೇಡಂನಲ್ಲಿ ಕೊನೆಯ ಬಸ್ಸು ತಪ್ಪುತ್ತದೆ. ಊರು ಮುಟ್ಟುವಷ್ಟರಲ್ಲಿ ಹೊಲದಲ್ಲಿ ಚರಗ ಚೆಲ್ಲಿ, ಉಂಡು ಎಲ್ಲ ಮುಗಿದಿದೆ. ಆದರೆ ಮಗ ಒಂದು ಸಜ್ಜೆ ರೊಟ್ಟಿ, ಒಂದಿಷ್ಟು ಭಜ್ಜಿ ಮುಚ್ಚಿಟ್ಟಿದ್ದಾನೆ.

‘ಖರೇನೇ ಬಂದಿದ್ದನೇನೋ?’ ಎಂದು ಕೇಳಿದೆ.

‘ಇಲ್ರಿ. ಕಥಿಯೊಳಗ ಬಂದಾನ.’

ಕಾಗುಣಿತದ ತಪ್ಪು ಏಳೆಂಟಿದ್ದವು. ಅಂದು ನಾನು ಕೆಂಪು ಪೆನ್ನು ತೆಗೆಯಲಿಲ್ಲ. ಮೊದಲ ಬರಹದಲ್ಲೂ ಅಪ್ಪನಿದ್ದ, ಹಬ್ಬವಿತ್ತು. ಇಲ್ಲದಿದ್ದದ್ದು ಹುಡುಗನ ಆಸೆಯೊಂದೇ. ಅದನ್ನು ಯಾರೂ ಕೇಳಿರಲಿಲ್ಲ.

ತಂದೆತಾಯಿಗಳಲ್ಲಿ ನನ್ನದೊಂದು ಅರಿಕೆ. ಮಗು ಕಥೆ ಹೇಳಿದಾಗ ‘ಇದರ ನೀತಿ ಏನು?’ ಎಂದು ಕೇಳಲು ಅವಸರಪಡಬೇಡಿ. ಯಾರಿಗೆ ಏನು ಬೇಕಾಗಿತ್ತು, ಅಡ್ಡ ಬಂದದ್ದೇನು, ಆಗ ಅವರು ಏನು ಮಾಡಿದರು, ಈ ಮೂರನ್ನು ಕೇಳಿ ನೋಡಿ. ಉಳಿದದ್ದು ಅವಕ್ಕೆ ಗೊತ್ತಿರುತ್ತದೆ. ಸೇಡಂ ತಾಲ್ಲೂಕಿನ ಮಳಖೇಡ ನೃಪತುಂಗನ ರಾಜಧಾನಿ. ಅವನ ಆಸ್ಥಾನದಲ್ಲಿ ಕ್ರಿ.ಶ. 850ರ ಸುಮಾರಿಗೆ ಹುಟ್ಟಿದ ‘ಕವಿರಾಜಮಾರ್ಗ’, ಓದು ಕಲಿಯದ ಕನ್ನಡಿಗರೂ ಕಾವ್ಯ ಬಲ್ಲರೆಂದು ಮೆಚ್ಚಿದೆ. ಅದೇ ಮಣ್ಣಿನ ಮಕ್ಕಳಲ್ಲವೇ ಇವರು?

ಆ ಎರಡು ಹಾಳೆ ಈಗ ನನ್ನ ಬಳಿ ಇಲ್ಲ. ಅವನ ಅವ್ವ ಅವನ್ನು ಮುಂಬೈಗೆ ಕಳಿಸಿಕೊಟ್ಟಳಂತೆ.