ಆರು ತಂತಿ, ಒಂದು ಕ್ವಿಂಟಲ್ ತೊಗರಿ

ನಮ್ಮ ಮನೆಯಲ್ಲಿ ಯಾವ ವಸ್ತುವಿನ ಬೆಲೆಯೂ ರೂಪಾಯಿಯಲ್ಲಿ ನಿಲ್ಲುವುದಿಲ್ಲ, ಸುತ್ತಿ ಬಳಸಿ ತೊಗರಿಗೆ ಬಂದು ಮುಟ್ಟುತ್ತದೆ. ಮೊಬೈಲು ಇಷ್ಟು ಚೀಲ, ಫ್ರಿಜ್ಜು ಇಷ್ಟು ಚೀಲ. ನಾನು 7,500 ರೂಪಾಯಿ ಕೊಟ್ಟು ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರ್ ತಂದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ಒಂದ್ ಕ್ವಿಂಟಲ್ ಅನ್ನು" ಅಂದ. 2024-25ರ ಸಾಲಿಗೆ ಕೇಂದ್ರ ಸರ್ಕಾರ ತೊಗರಿಗೆ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 7,550. ಅಪ್ಪನ ಲೆಕ್ಕ ಐವತ್ತು ರೂಪಾಯಿಯಷ್ಟೇ ಆಚೀಚೆ. ಜೇವರ್ಗಿ ಕಡೆಯ ಎರೆ ಹೊಲದಲ್ಲಿ ಒಂದು ಕ್ವಿಂಟಲ್ ತೊಗರಿ ಎಂದರೆ ಏನೆಂದು ನನಗೆ ಗೊತ್ತಿದೆ. ಬಿತ್ತನೆಯಿಂದ ರಾಶಿಯವರೆಗೆ ಐದಾರು ತಿಂಗಳು, ಹೂ ಬಿಡುವ ಹೊತ್ತಿಗೆ ಮೋಡ ಕವಿದರೆ ಕಾಯಿಕೊರಕದ ಹೆದರಿಕೆ, ಅದೂ ತಪ್ಪಿತು ಅನ್ನುವಾಗ ನೆಟೆರೋಗ.

ನನ್ನ ಕಡೆಯಿಂದಲೂ ಒಂದು ಲೆಕ್ಕವಿತ್ತು. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಜೆಆರ್‌ಎಫ್ ಸಿಕ್ಕ ಸಂಶೋಧಕರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಸಿಗದವರಿಗೆ 8,000. ನಾನು ಎರಡನೆಯ ಸಾಲಿನವಳು. ಆಳಂದ ತಾಲೂಕಿನ ಕಡಗಂಚಿಯ ಹಾಸ್ಟೆಲ್ಲಿನಲ್ಲಿ ಊಟ, ಜೆರಾಕ್ಸು, ಕ್ಷೇತ್ರಕಾರ್ಯದ ಓಡಾಟ ಕಳೆದು ತಿಂಗಳಿಗೆ ಆರುನೂರು, ಏಳುನೂರು ಉಳಿಯುತ್ತಿತ್ತು. ಗಿಟಾರು ಹಿಡಿದದ್ದು ಒಂದು ವರ್ಷದ ಉಳಿತಾಯ. ಬಸ್ಸಿನ ಖರ್ಚು ತಪ್ಪದಿದ್ದರೆ ಅದೂ ಆಗುತ್ತಿರಲಿಲ್ಲ. 2023ರ ಜೂನಿನಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ನಮಗೆ ಸೊನ್ನೆ ಟಿಕೆಟ್. ಅಫಜಲಪುರ, ಆಳಂದ, ಜೇವರ್ಗಿ ಎಂದು ಮೂರು ತಾಲೂಕು ಸುತ್ತುವ ಸಂಶೋಧಕಿಯ ಗಿಟಾರಿನಲ್ಲಿ ಶಕ್ತಿ ಯೋಜನೆಯ ಪಾಲೂ ಇದೆ ಎಂದು ಬರೆದಿಡಬೇಕು.

ಅವ್ವನ ತಕರಾರು ಹಣದ್ದಾಗಿರಲಿಲ್ಲ. "ಪಿಎಚ್‌ಡಿ ಅಂದಮ್ಯಾಲೆ ಗಂಡು ಸಿಗೋದೇ ಕಷ್ಟ ಆಗ್ಯದ. ಇನ್ನ ಇದೊಂದು ತೊಡಿಮ್ಯಾಲೆ ಇಟಗೊಂಡು ಕುಂತ್ರ ಯಾರ್ ಬರ್ತಾರ? ಪೇಟಿ ತಂದಿದ್ರ ಭಜನಿಗರ ಆಗ್ತಿತ್ತು" ಅಂದಳು. ಗಂಡಿನ ಮಾತಿಗೆ ನನ್ನ ಬಳಿ ಇವತ್ತಿಗೂ ಉತ್ತರವಿಲ್ಲ. ಪೇಟಿಯ ಮಾತಿಗೆ ಇತ್ತು. ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದ ವಾದ್ಯವೇ. ಅದರ ಸ್ವರಗಳು ಅಲುಗುವುದಿಲ್ಲ, ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟು, ಮೂವತ್ತು ವರ್ಷ ಒಳಗೆ ಬಿಟ್ಟುಕೊಂಡಿರಲಿಲ್ಲ. ಅಷ್ಟರೊಳಗೆ ಅದು ನಮ್ಮೂರ ಗುಡಿಗಳಲ್ಲಿ ಪೇಟಿಯಾಗಿ ಕುಳಿತಾಗಿತ್ತು.

ಕಲಬುರಗಿಯ ಅಂಗಡಿಯವರು ಮೊದಲು ನೈಲಾನ್ ತಂತಿಯದನ್ನೇ ಮುಂದಿಟ್ಟರು. ಕಲಿಯುವವರಿಗೆ ಬೆರಳು ನೋಯುವುದಿಲ್ಲ ಎಂದರು, ಮಾತು ನಿಜ. ಆದರೆ ಅದರ ದನಿ ನನಗೆ ಮೆತ್ತಗೆನಿಸಿತು. ಏಕತಾರಿಯಲ್ಲಿ, ತಂಬೂರಿಯಲ್ಲಿ ಇರುವುದು ಲೋಹದ ತಂತಿ. ಮೀಟಿದ ಮೇಲೂ ಅದರ ಗುಂಯ್ ಅನ್ನುವ ಎಳೆ ಬಹಳ ಹೊತ್ತು ಗಾಳಿಯಲ್ಲಿ ಇರುತ್ತದೆ. ಸ್ಟೀಲ್ ತಂತಿಯ ಗಿಟಾರಿನಲ್ಲಿ ನನಗೆ ಕೇಳಿಸಿದ್ದು ಅದು. ಹಾಗೆ ನೋಡಿದರೆ ಗಿಟಾರಿಗೂ ಮೊದಲು ಇದ್ದದ್ದು ಪ್ರಾಣಿಗಳ ಕರುಳಿನ ತಂತಿ. ಅಮೆರಿಕದಲ್ಲಿ 1833ರಿಂದ ಗಿಟಾರ್ ಮಾಡುತ್ತಿರುವ ಮಾರ್ಟಿನ್ ಕಂಪನಿ 1840ರ ದಶಕದಲ್ಲೇ ಮುಂಬದಿಯ ಹಲಗೆಗೆ ಒಳಗಿನಿಂದ ಗುಣಾಕಾರ ಚಿಹ್ನೆಯಂತೆ ಪಟ್ಟಿ ಅಂಟಿಸುವ ವಿಧಾನವನ್ನು ರೂಢಿಗೆ ತಂದಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಉಕ್ಕಿನ ತಂತಿ ಬಂದಾಗ ಅದರ ಬಿಗಿತವನ್ನು ತಡೆದುಕೊಂಡದ್ದು ಆ ಕಟ್ಟೋಣ. ಆರೂ ತಂತಿ ಸೇರಿ ಸುಮಾರು 70 ಕೆ.ಜಿ.ಯಷ್ಟು ಎಳೆತವನ್ನು ಎರಡೇ ಕೆ.ಜಿ. ತೂಕದ ಪೆಟ್ಟಿಗೆ ಹಗಲೂ ರಾತ್ರಿ ಹೊತ್ತು ನಿಂತಿರುತ್ತದೆ. ಒಳ್ಳೆಯ ಗಿಟಾರುಗಳ ಹಿಂಬದಿಗೆ ಬಳಸುವ ರೋಸ್‌ವುಡ್ ನಮ್ಮ ಪಶ್ಚಿಮ ಘಟ್ಟದ ಬೀಟೆ. ಬ್ರೆಜಿಲ್ ತನ್ನ ಮರ ಕೊಡುವುದನ್ನು ನಿಲ್ಲಿಸಿದ ಮೇಲೆ, 1969ರ ಸುಮಾರಿಗೆ, ಅದೇ ಕಂಪನಿ ಭಾರತದ ಬೀಟೆಗೆ ಹೊರಳಿತು. ನನ್ನದರಲ್ಲಿ ಬೀಟೆಯ ವಾಸನೆಯೂ ಇಲ್ಲ, ಪೂರ್ತಿ ಪ್ಲೈವುಡ್.

ಜೇವರ್ಗಿ ಬಸ್ಸಿನಲ್ಲಿ ಕಂಡಕ್ಟರು "ತಂಬೂರಿ ಏನ್ ತಂಗಿ?" ಅಂದರು. "ಹೌದ್ರಿ" ಅಂದೆ. ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆ ದಾಟುವವರೆಗೂ ಪಕ್ಕದ ಹೆಣ್ಣುಮಗಳು ಚೀಲವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಮೊದಲ ತಿಂಗಳು ಬೆರಳ ತುದಿಗಳು ಸುಲಿದವು, ಆಮೇಲೆ ಜಡ್ಡುಗಟ್ಟಿದವು. ಅದು ಎಲ್ಲರಿಗೂ ಆಗುವುದೇ. ನಮ್ಮ ಕಡೆಗೇ ವಿಶೇಷವಾದದ್ದು ಬೇಸಿಗೆ. ಗಿಟಾರಿಗೆ ಹಿತವಾದ ತೇವಾಂಶ ನೂರಕ್ಕೆ 45ರಿಂದ 55 ಎನ್ನುತ್ತಾರೆ. ಕಲಬುರಗಿ ಜಿಲ್ಲೆಯ ಏಪ್ರಿಲ್, ಮೇ ತಿಂಗಳಲ್ಲಿ, 42 ಡಿಗ್ರಿ ದಾಟಿದ ಮಧ್ಯಾಹ್ನ, ಅದನ್ನು ಎಲ್ಲಿಂದ ತರುವುದು? ಕಟ್ಟಿಗೆ ಒಣಗಿ ಕುಗ್ಗುತ್ತದೆ, ಲೋಹದ ಫ್ರೆಟ್ಟುಗಳು ಕುಗ್ಗುವುದಿಲ್ಲ. ಹಾಗಾಗಿ ಕುತ್ತಿಗೆಯ ಅಂಚಿನಿಂದ ಅವುಗಳ ತುದಿಗಳು ಸಣ್ಣ ಹಲ್ಲಿನ ಹಾಗೆ ಹೊರಗೆ ಬರುತ್ತವೆ, ಅಂಗೈ ಗೀರುತ್ತವೆ. ಮುಂಬದಿಯ ಹಲಗೆ ತುಸು ಕುಸಿಯುತ್ತದೆ, ತಂತಿ ಫ್ರೆಟ್ಟಿಗೆ ತಾಗಿ ಝರ್ ಅನ್ನುತ್ತದೆ. ನಮ್ಮದು ಶಹಾಬಾದಿ ಪರಸಿ ಹೊದಿಸಿದ ಮನೆ, ಮಧ್ಯಾಹ್ನ ಮಾಳಿಗೆ ಹಂಚಿನ ಹಾಗೆ ಕಾಯುತ್ತದೆ. ತೂತು ಕೊರೆದ ಸಾಬೂನು ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಟ್ಟು ಚೀಲದೊಳಗೆ ಹಾಕುವುದನ್ನು ಯೂಟ್ಯೂಬ್ ನೋಡಿ ಕಲಿತೆ. ಹಾಸ್ಟೆಲ್ಲಿನಿಂದ ಬಂದು ನೋಡಿದರೆ ಒಂದು ದಿನ ಗಿಟಾರು ನನ್ನ ಕೋಣೆಯಲ್ಲಿರಲಿಲ್ಲ. ಅವ್ವ ಅದನ್ನು ಅಡುಗೆಮನೆಯ ಮೂಲೆಯಲ್ಲಿ, ನೀರಿನ ಹರವಿಗಳ ಮಗ್ಗುಲಿಗೆ ಗೂಟ ಹೊಡೆಸಿ ನೇತುಹಾಕಿದ್ದಳು. "ಅಲ್ಲಿ ಒಣಗಲಾಕತ್ತಿತ್ತು" ಅಂದಳು.

ನನ್ನ ಸಂಶೋಧನೆ ತತ್ವಪದಗಳ ಹಾಡಿಕೆಯ ಮೇಲೆ. ಹಳೆಯ ಜೇವರ್ಗಿ ತಾಲೂಕಿನ ಕಡಕೋಳ ಮಡಿವಾಳಪ್ಪನವರಿಂದ ಹಿಡಿದು ಅವರ ಶಿಷ್ಯರವರೆಗೆ ಪದಗಳು ಅಚ್ಚಾಗಿವೆ, ಪಾಠಾಂತರಗಳ ಚರ್ಚೆಯೂ ಆಗಿದೆ. ಆದರೆ ಅಮಾವಾಸ್ಯೆಯ ರಾತ್ರಿ ಏಕತಾರಿ, ದಮ್ಮಡಿ, ತಾಳ ಹಿಡಿದು ಕುಳಿತವರ ಬಾಯಲ್ಲಿ ಅದೇ ಪದ ಬೇರೆಯೇ ಆಗಿ ಬರುತ್ತದೆ. ನನ್ನ ತಲೆಮಾರಿನ ಎಷ್ಟೋ ಜನರ ಹಾಗೆ ನಾನೂ ಶಿಶುನಾಳ ಶರೀಫರನ್ನು ಮನಸಿಟ್ಟು ಕೇಳಿದ್ದು ರಘು ದೀಕ್ಷಿತರ 2008ರ ಆಲ್ಬಮ್ಮಿನಲ್ಲಿ, ಗಿಟಾರಿನ ಜೊತೆಗೆ. ಅದನ್ನು ಕೇಳಿ ಮೂಗು ಮುರಿಯುವ ವಿದ್ವಾಂಸರೊಂದಿಗೆ ನನಗೆ ಸಹಮತವಿಲ್ಲ. ಅದು ಬೇರೆ ಹಾಡು, ತನ್ನ ಕಾಲ ಮೇಲೆ ತಾನು ನಿಂತಿದೆ. ನನಗೆ ತಿಳಿಯಬೇಕಿದ್ದದ್ದು ಬೇರೆ: ಅಮಾವಾಸ್ಯೆಯ ಭಜನೆಯಲ್ಲಿ, ಹಾಡುವವರು ಹಾಡುವ ಹಾಗೇ ಹಾಡುವಾಗ, ಈ ವಾದ್ಯಕ್ಕೆ ಕೂರಲು ಜಾಗ ಸಿಗುತ್ತದೆಯೇ?

ಅಫಜಲಪುರದ ಕಡೆ, ಭೀಮೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಮುತ್ಯಾನ ಹಾಡಿಕೆಯನ್ನು ಎರಡು ವರ್ಷದಿಂದ ಧ್ವನಿಮುದ್ರಿಸುತ್ತಿದ್ದೇನೆ. ಒಂದು ರಾತ್ರಿ ಅವರು ಹಾಡುವಾಗ ನಾಲ್ಕು ಕಾರ್ಡುಗಳನ್ನು ಮೆಲ್ಲಗೆ ಹಿಡಿದೆ. ಎರಡನೆಯ ನುಡಿಗೆ ಅವರು ನಿಲ್ಲಿಸಿದರು. "ಯವ್ವಾ, ಇದು ನನ್ನ ಕೈ ಹಿಡದು ಎತ್ಲಾಗೋ ಎಳೀಲಾಕತ್ತದ. ನಾ ಹೋಗೂ ದಾರಿ ಬ್ಯಾರೆ ಅದ."

ಇಷ್ಟು ಖಚಿತವಾಗಿ ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಮೇಜರ್ ಕಾರ್ಡ್ ಎಂದರೆ ಷಡ್ಜ, ಪಂಚಮ, ನಡುವೆ ಗಾಂಧಾರ. ಗಿಟಾರಿನ ಫ್ರೆಟ್ಟು ಎಲ್ಲ ಸ್ವರಗಳನ್ನೂ ಸಮಪಾಲಾಗಿ ಹಂಚಿದೆ. ಪಕ್ಕಪಕ್ಕದ ಎರಡು ಫ್ರೆಟ್ಟುಗಳ ಅಂತರವನ್ನು ನೂರು ಪಾಲು ಮಾಡಿದರೆ, ಅದರ ಗಾಂಧಾರ ಸಹಜ ಗಾಂಧಾರಕ್ಕಿಂತ ಸುಮಾರು ಹದಿನಾಲ್ಕು ಪಾಲು ಮೇಲೆ ಕೂರುತ್ತದೆ. ಪಂಚಮದಲ್ಲಿ ವ್ಯತ್ಯಾಸ ಎರಡೇ ಪಾಲು, ಕಿವಿಗೆ ಗೊತ್ತಾಗುವುದಿಲ್ಲ. ಮುತ್ಯಾನ ಗಾಂಧಾರವಂತೂ ನುಡಿಯಿಂದ ನುಡಿಗೆ ಜರುಗುತ್ತದೆ. ಅರ್ಥ ಬಿಗಿಯಾದಲ್ಲಿ ಕೆಳಗಿಳಿಯುತ್ತದೆ. ಅವರು ಸ್ವರ ಇಡಬೇಕೆಂದಿದ್ದ ಜಾಗದಲ್ಲಿ ಕಾರ್ಡು ಮೊದಲೇ ಬಂದು ಕೂತಿರುತ್ತಿತ್ತು.

ಹಾಸ್ಟೆಲ್ಲಿಗೆ ಮರಳಿ ತಂತಿಗಳನ್ನೆಲ್ಲ ಬೇರೆ ಶ್ರುತಿಗೆ ಕೂಡಿಸಿದೆ. ದಪ್ಪ ತಂತಿಯಿಂದ ಶುರುಮಾಡಿ ಸ, ಪ, ಸ, ಪ, ಪ, ಸ. ಗಾಂಧಾರವೇ ಇಲ್ಲ. ಎಡಗೈಗೆ ಕೆಲಸವಿಲ್ಲ, ಅಷ್ಟು ಕಷ್ಟಪಟ್ಟು ಕಲಿತ ಕಾರ್ಡುಗಳೂ ಬೇಡ. ಮುಂದಿನ ಅಮಾವಾಸ್ಯೆಗೆ ಮುತ್ಯಾನ ಕಂಠಕ್ಕೆ ಸರಿಯಾಗಿ ಕ್ಯಾಪೊ ಹಾಕಿ ಬರೀ ಮೀಟುತ್ತ ಕುಳಿತೆ. ನಾಲ್ಕನೆಯ ಪದ ಮುಗಿಸಿ ಅವರು ತಾಳದವನ ಕಡೆ ತಿರುಗಿ, "ಏಕತಾರಿ ಆರ್ ಮಂದಿ ಆದ್ವು ನೋಡು" ಅಂದರು. ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಈಗ ಈ ಗಾಂಧಾರದ ಮೇಲೆಯೇ ಇದೆ. ಮಾರ್ಗದರ್ಶಕರು ಓದಿ, "ಇದರಲ್ಲಿ ಸಾಹಿತ್ಯ ಎಲ್ಲಿದೆ?" ಎಂದು ಅಂಚಿನಲ್ಲಿ ಬರೆದಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅರ್ಥ ಬಿಗಿಯಾದಲ್ಲಿ ಸ್ವರ ಯಾಕೆ ಇಳಿಯುತ್ತದೆ ಎಂದು ಪದ ಪದ ಹಿಡಿದು ತೋರಿಸಿಕೊಡಬೇಕಾಗಿದೆ, ಕೆಲಸ ನಡೆದಿದೆ.

ಮೂರನೆಯ ತಂತಿಯನ್ನು ಪಂಚಮಕ್ಕೆ ಏರಿಸುವಾಗ ಅದು ಆಗಾಗ ಹರಿಯುತ್ತದೆ. ಹರಿದಾಗ ಇಡೀ ಸೆಟ್ಟನ್ನೇ ಬದಲಿಸುತ್ತೇನೆ. ಹಳೆಯ ಮೊದಲ ತಂತಿ ಸುತ್ತುಗಳಿಲ್ಲದ ಬರಿಯ ಉಕ್ಕು, ದಪ್ಪ ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲೂ ಇಲ್ಲ. ಅದನ್ನು ಸುರುಳಿ ಸುತ್ತಿ ಚೀಲದ ಜೇಬಿನಲ್ಲಿ ಇಟ್ಟಿದ್ದು ಮುತ್ಯಾನ ಕಣ್ಣಿಗೆ ಬಿತ್ತು. ಇಸಿದುಕೊಂಡು, ಎಳೆದು ನೋಡಿ, ಏಕತಾರಿಯ ಬಿರಡೆಗೆ ಸುತ್ತಿಯೇ ಬಿಟ್ಟರು. ಈಗ ಅವರ ಪರಿಚಯದ ಮೇಳಗಳವರೂ ಕೇಳುತ್ತಾರೆ. ಹೋದ ವಾರ ಆಳಂದದ ಕಡೆಯಿಂದ ಒಬ್ಬರು ಫೋನು ಮಾಡಿ, "ನಿಮ್ಮಲ್ಲಿ ಹಳೀ ತಂತಿ ಅವ ಅಂತಲ್ರಿ" ಎಂದು ವಿಚಾರಿಸಿದರು. ಎರಡು ಇವೆ, ಸೀಗಿಹುಣ್ಣಿಮೆಯೊಳಗೆ ತಂದುಕೊಡುತ್ತೇನೆ ಎಂದು ಹೇಳಿದ್ದೇನೆ.