ವಾಚನದ ವಿಷಯವಾಗಿ ನಾಲ್ಕು ಮಾತು

ಭದ್ರಾವತಿಯ ಮಿತ್ರರು ಗಮಕವಾಚನಕ್ಕೆ ಕರೆದಿದ್ದರೆ ನಾನು ಯೋಚಿಸುತ್ತಿರಲಿಲ್ಲ. ಅವರು ಕೇಳಿದುದು ಉಪನ್ಯಾಸ. ಅದೂ ನನ್ನ ಅಭ್ಯಾಸದ ವಿಷಯವಾಗಿ. ಓದುವವರೊಬ್ಬರು, ಅರ್ಥ ಹೇಳುವವರಿನ್ನೊಬ್ಬರು ಎಂಬುದು ನಮ್ಮ ಕಲೆಯ ರೂಢಿ. ೩೦ ವರ್ಷ ಕುಮಾರವ್ಯಾಸನ ಮರೆಯಲ್ಲಿ ಕುಳಿತು ಕಂಠವನ್ನು ಮಾತ್ರ ಸಭೆಗೆ ಕಳುಹಿಸಿದವಳಿಗೆ, ಸ್ವಂತ ಮಾತನ್ನಾಡಬೇಕೆಂದಾಗ ಆಸರೆಯೇ ತಪ್ಪಿದಂತಾಯಿತು. ಮೇಲಾಗಿ, ಆ ಕಂಠವೂ ಈಗ ಮೊದಲಿನಂತಿಲ್ಲ. ನಮ್ಮ ಗುರುಗಳು ಯಾವುದನ್ನೂ ವಿವರಿಸಿದವರಲ್ಲ. ಅವರು ಓದುತ್ತಿದ್ದರು, ನಾವು ಅನುಸರಿಸುತ್ತಿದ್ದೆವು. ಕಂಠವಿರುವವರೆಗೆ ಆ ದಾರಿ ಸರಿ. ಆಮೇಲೆ? ಈ ಯೋಚನೆಯೇ ನನ್ನನ್ನು ಒಪ್ಪಿಸಿತು.

ಶಿವಮೊಗ್ಗೆಯವರಿಗೆ ಗಮಕವೆಂದರೇನೆಂದು ಹೇಳಬೇಕಾಗಿಲ್ಲ. ತುಂಗೆಯ ಒಂದು ದಡದಲ್ಲಿ ವೇದಘೋಷದ ಮತ್ತೂರು, ಇನ್ನೊಂದು ದಡದಲ್ಲಿ ಗಮಕದ ಹೊಸಹಳ್ಳಿ, ಅಲ್ಲಿನ ಎಚ್. ಆರ್. ಕೇಶವಮೂರ್ತಿಗಳಿಗೆ ೨೦೨೨ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹಿಗ್ಗಿದೆವು. ಭದ್ರಾವತಿಯ ಬಗೆ ಬೇರೆ. ೧೯೨೩ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸವಾರಂಭಿಸಿದಂದಿನಿಂದ ನಾನಾ ನುಡಿಯವರು ಬಂದು ನೆಲಸಿದ ಊರದು. ಅಲ್ಲಿ ಛಂದಸ್ಸಿನ ಪಾಠ ಹೇಳಿದರೆ ಯಾರು ಕೇಳುವರು?

"ಕವಿಯ ಕಾಲದೇಶಗಳನ್ನು ಹೇಳಲೆ?" ಎಂದು ಮನೆಯವರನ್ನು ಕೇಳಿದೆ.

"ಅದು ಪುಸ್ತಕದಲ್ಲಿದೆ. ಬೆಳಗ್ಗೆ ಎದ್ದು ನೀನು ಮಾಡುವುದೇನು, ಅದನ್ನು ಹೇಳು" ಎಂದರು. ಗಂಡಂದಿರ ಮಾತು ಕೆಲವೊಮ್ಮೆ ಉಪಯೋಗಕ್ಕೆ ಬರುವುದುಂಟು.

ನಾನು ಮಾಡುವುದು ಇಷ್ಟು. ಭಾಮಿನೀ ಷಟ್ಪದಿಯ ಚಿಕ್ಕ ಸಾಲಿಗೆ ಮೂರು, ನಾಲ್ಕು, ಮೂರು, ನಾಲ್ಕು ಎಂದು ೧೪ ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲುಗಳಿಗೆ ೨೩. ಅರ್ಥವು ಈ ಅಳತೆಯ ಮಾತು ಕೇಳುವುದಿಲ್ಲ; ಸಾಲು ಮುಗಿದರೂ ಪದ ಮುಗಿಯದೆ ಮುಂದಿನ ಸಾಲಿಗೆ ದಾಟುತ್ತದೆ. ಲಯಕ್ಕೆ ತಕ್ಕಂತೆ ಕಡಿದರೆ ಅರ್ಥ ಕೆಡುವುದು. ಅರ್ಥಕ್ಕೆ ತಕ್ಕಂತೆ ನಿಲ್ಲಿಸಿದರೆ ಪದ್ಯವೇ ಗದ್ಯವಾಗುವುದು. ಆದುದರಿಂದ ಮೊದಲು ರಾಗವಿಲ್ಲದೆ, ಮನೆಯಲ್ಲಿ ಮಾತನಾಡುವಂತೆ ಓದಿಕೊಂಡು, ಉಸಿರನ್ನೆಲ್ಲಿ ತೆಗೆಯಬೇಕೆಂದು ಸೀಸದಕಡ್ಡಿಯಿಂದ ಗುರುತಿಡುತ್ತೇನೆ. ರಾಗ ಆಮೇಲಿನದು. ತಾಳವಂತೂ ಇಲ್ಲವೇ ಇಲ್ಲ.

ಸಭೆಯಲ್ಲಿ ಇದನ್ನೇ ಮಾಡಿ ತೋರಿಸಿದೆ. ವಿರಾಟಪರ್ವದ ಉತ್ತರಕುಮಾರನನ್ನು ಆರಿಸಿಕೊಂಡೆ. ಮಳೆ ಬಾರದಿದ್ದರೆ ನಮ್ಮ ಹಳ್ಳಿಗಳಲ್ಲಿ ಓದಿಸುತ್ತಿದ್ದ ಪರ್ವವದು. ಹೆಂಗಳೆಯರ ನಡುವೆ ಅವನ ಜಂಬ, ಕೌರವಸೇನೆಯನ್ನು ಕಂಡಾಗಿನ ನಡುಕ. ಎರಡನ್ನೂ ಮೊದಲು ಬರಿಯ ಲಯಕ್ಕೆ ಕಡಿದು ಓದಿದೆ, ಬಳಿಕ ಉಸಿರಿನ ಗುರುತಿನಂತೆ ಓದಿದೆ. ಮೊದಲನೆಯದಕ್ಕೆ ಸಭಿಕರು ಸುಮ್ಮನಿದ್ದರು, ಎರಡನೆಯದಕ್ಕೆ ನಕ್ಕರು. ಮೇಲಿನ ಷಡ್ಜಕ್ಕೆ ಹೋದಾಗ ನನ್ನ ಧ್ವನಿ ಒಡೆಯಿತು. ಅಂಜಿ ನಡುಗುವ ಹುಡುಗನ ಮಾತಾದುದರಿಂದ ಅದೂ ಒಪ್ಪಿತೋ ಏನೋ!

ಕೊನೆಯಲ್ಲಿ, ಕಾರ್ಖಾನೆಯಿಂದ ನಿವೃತ್ತರಾದ, ತಮಿಳು ಮನೆಮಾತಿನ ಹಿರಿಯರೊಬ್ಬರು ಎದ್ದು, "ಅಮ್ಮಾ, ಅರ್ಧ ಪದ ತಿಳಿಯಲಿಲ್ಲ, ಕಥೆ ಪೂರ್ತಿ ತಿಳಿಯಿತು. ಇದು ಹೇಗೆ?" ಎಂದರು. ಉತ್ತರ ಹೇಳುವುದಕ್ಕೆ ಬದಲಾಗಿ ಅವರನ್ನೇ ಮುಂದೆ ಕರೆದು, ಗುರುತಿಟ್ಟ ಒಂದು ಪದ್ಯವನ್ನು ಅವರಿಂದಲೇ ಓದಿಸಿದೆ. ಮೂರನೆಯ ಸಲಕ್ಕೆ ಉಸಿರು ಸರಿಯಾದ ಎಡೆಯಲ್ಲಿ ನಿಂತಿತು. "ಎಪ್ಪತ್ತರ ಮೇಲೆ ಕಲಿಯಬಹುದೆ?" ಎಂದು ಕೇಳಿದವರು, ನನ್ನ ಮಾತಿಗೂ ಕಾಯದೆ, ಭಾನುವಾರ ಶಿವಮೊಗ್ಗೆಗೆ ಬರುವ ರೈಲಿನ ವೇಳೆಯನ್ನು ಪಕ್ಕದವರಲ್ಲಿ ವಿಚಾರಿಸತೊಡಗಿದರು.